ಮಂಡಿನೋವಿಗೆ ಮಾತ್ರೆಯೂ ಬೇಕು, ಕಷಾಯವೂ ಬೇಕು ಅನ್ನುವವರಿಗೆ

ಅಡಿಕೆ ಸುಲಿಯುವ ಕಾಲ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸೊಂಟ, ಮಂಡಿ, ಕುತ್ತಿಗೆ ಮೂರೂ ಒಟ್ಟಿಗೆ ಮಾತಾಡಲು ಶುರು ಮಾಡುತ್ತವೆ. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾದಲ್ಲಿ ಮೀನಿನ ಬುಟ್ಟಿ ಹೊತ್ತವರ, ಗದ್ದೆ ನೆಟ್ಟವರ ಕಥೆಯೂ ಬೇರೆ ಏನಲ್ಲ. ವರ್ಷಗಟ್ಟಲೆ ಕಾಡುವ ಈ ನೋವಿಗೆ ನಮ್ಮಲ್ಲಿ ಒಂದೇ ಔಷಧ ಮಾಡುವವರು ಕಡಿಮೆ. ಬೆಳಿಗ್ಗೆ ಡಾಕ್ಟರ್ ಬರೆದ ಮಾತ್ರೆ, ಮಧ್ಯಾಹ್ನ ಅಮೃತಬಳ್ಳಿ ಕಷಾಯ, ರಾತ್ರಿ ಗುಗ್ಗುಲು ಗುಳಿಗೆ, ಮಲಗುವಾಗ ಎಣ್ಣೆ. ಇದರ ಮೇಲೆ ಮದುವೆಮನೆಯಲ್ಲಿ ಸಿಕ್ಕ ನೆಂಟರು ಕೊಟ್ಟ ಪುಡಿ.

ಎರಡೂ ಪದ್ಧತಿ ಸೇರಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಕೆಲವು ಜೋಡಿಗಳಿಂದ ಏನೂ ಆಗುವುದಿಲ್ಲ, ಕೆಲವು ಜೋಡಿಗಳು ಆಸ್ಪತ್ರೆಗೆ ಸೇರಿಸುತ್ತವೆ. ನಿಜವಾದ ತೊಂದರೆ ಎಲ್ಲಿದೆ ಅಂದರೆ, ಹುಬ್ಬಳ್ಳಿಯ ಡಾಕ್ಟರಿಗೆ ನಿಮ್ಮ ಕಷಾಯದ ವಿಷಯ ಗೊತ್ತಿಲ್ಲ, ಊರಿನ ಪಂಡಿತರಿಗೆ ನಿಮ್ಮ ಮಾತ್ರೆಯ ವಿಷಯ ಗೊತ್ತಿಲ್ಲ. ಎರಡೂ ಗೊತ್ತಿರುವುದು ನಿಮ್ಮ ಹೊಟ್ಟೆಗೆ ಮಾತ್ರ.

ಇದನ್ನು ಓದಿ ಡೋಸ್ ನೀವೇ ಬದಲಿಸಬೇಡಿ. ಡಾಕ್ಟರ ಎದುರು ಕೂತಾಗ ಏನು ಕೇಳಬೇಕು, ಏನು ತೋರಿಸಬೇಕು ಅನ್ನುವುದಕ್ಕೆ ಓದಿ.

ಹಂತ 1: ಒಂದೇ ಹಾಳೆಯಲ್ಲಿ ಎಲ್ಲವನ್ನೂ ಬರೆಯಿರಿ

ಹೊಟ್ಟೆಗೆ ಹೋಗುವುದು, ಮೈಗೆ ಹಚ್ಚುವುದು, ಎಲ್ಲವೂ ಬರಲಿ. ಹೆಸರು, ಅಳತೆ, ದಿನಕ್ಕೆ ಎಷ್ಟು ಸಲ, ಯಾವಾಗಿನಿಂದ, ಯಾರು ಕೊಟ್ಟದ್ದು. ಮಾತ್ರೆ ವಿಷಯಕ್ಕೆ ಬಂದಾಗ ದೊಡ್ಡಕ್ಷರದ ಕಂಪನಿ ಹೆಸರು ಸಾಲದು, ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುವ ಔಷಧದ ಹೆಸರೂ ಬೇಕು. ಮಂಡಿನೋವಿಗೆ ಕೊಡುವ ಮಾತ್ರೆಗಳಲ್ಲಿ ಅಸೆಕ್ಲೋಫೆನಾಕ್ ಜೊತೆಗೇ ಪ್ಯಾರಾಸಿಟಮಾಲ್ ಸೇರಿಸಿದವು ಬೇಕಾದಷ್ಟಿವೆ. ಅದನ್ನು ನುಂಗಿ, ಮೈಕೈ ನೋವಿಗೆ ಅಂತ ಮತ್ತೆ 650 ಮಿಲಿಗ್ರಾಂನ ಪ್ಯಾರಾಸಿಟಮಾಲ್ ನುಂಗಿದರೆ ಲೆಕ್ಕ ತಪ್ಪುತ್ತದೆ. ಆರೋಗ್ಯವಾಗಿರುವ ವಯಸ್ಕರಿಗೂ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. 650ರ ಆರು ಮಾತ್ರೆಗೆ ಅದು ಬಹುತೇಕ ಮುಗಿಯಿತು. ವಯಸ್ಸಾದವರು, ತೂಕ ಕಡಿಮೆ ಇರುವವರು, ಕುಡಿಯುವವರು ಇನ್ನೂ ಕೆಳಗೇ ನಿಲ್ಲಬೇಕು.

ಜನ ಬರೆಯಲು ಮರೆಯುವುದು ಮೂರು: ಬಾಮ್, ಅರಿಷ್ಟ, ಮತ್ತು ದಿನಾ ಕುಡಿಯುವ ಕಷಾಯ. "ಅದೆಂಥ ಔಷಧ, ಆಸರಿಗೆ ಅಲ್ವಾ" ಅಂತ ಬಿಟ್ಟುಬಿಡುತ್ತಾರೆ. ಕಷಾಯದ ಪುಡಿಗೆ ಏನೇನು ಹಾಕುತ್ತಾರೆ ಅಂತ ಅಡುಗೆಮನೆಯಲ್ಲಿ ಕೇಳಿ ಬರೆದುಕೊಳ್ಳಿ. ಕೊತ್ತಂಬರಿ, ಜೀರಿಗೆ, ಬಡೇಸೋಪು ಇದ್ದರೆ ಚಿಂತೆ ಇಲ್ಲ. ಕೆಲವು ಮನೆಗಳಲ್ಲಿ ಜ್ಯೇಷ್ಠಮಧು ಕೈ ತುಂಬಾ ಬೀಳುತ್ತದೆ. ಅದರ ಸಂಗತಿ ಮುಂದೆ ಹೇಳುತ್ತೇನೆ.

ಹಸಿ ಸೊಪ್ಪು, ಬೇರು ಬಳಸುವವರು ಗಿಡದ ಫೋಟೊ ತೆಗೆದುಕೊಳ್ಳಿ. ಬರೀ ಹೆಸರು ಸಾಲದು. ಬ್ರಾಹ್ಮಿ ಅಂದರೆ ಒಬ್ಬರು ಒಂದೆಲಗ ಕೊಡುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ ಕೊಡುತ್ತಾರೆ. ರಾಸ್ನಾ ಅಂತ ಉತ್ತರದವರು ಬಳಸುವ ಗಿಡವೇ ಬೇರೆ, ಕೇರಳದವರು ಬಳಸುವುದು ಬೇರೆ. ಗಿಡ ಯಾವುದು ಅಂತ ಅನುಮಾನ ಇದ್ದರೆ ನಮಗೆ ಒಂದು ಅನುಕೂಲ ಇದೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ ಇದೆ, ಸಿದ್ದಾಪುರದಲ್ಲಿ ಆಯುರ್ವೇದ ಕಾಲೇಜಿದೆ. ಹೂವು ಅಥವಾ ಕಾಯಿ ಇರುವ ಒಂದು ಟೊಂಗೆ ತಗೊಂಡು ಹೋಗಿ ಕೇಳಿದರೆ ಗುರುತು ಹಿಡಿಯುವವರು ಸಿಗುತ್ತಾರೆ.

ಹಾಳೆ ಮುಗಿದ ಮೇಲೆ ಅದರ ಫೋಟೊ ಮನೆಯ ಇಬ್ಬರ ಮೊಬೈಲ್‌ನಲ್ಲಾದರೂ ಇರಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಏನಾದರೂ ದೊಡ್ಡದಾದರೆ ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಗೋವಾದ ಬಾಂಬೋಳಿಗೋ ಓಡಬೇಕು. ಆ ಗಡಿಬಿಡಿಯಲ್ಲಿ ಮಾತ್ರೆಯ ಡಬ್ಬಿ ಮನೆಯಲ್ಲೇ ಉಳಿದಿರುತ್ತದೆ.

ಹಂತ 2: ನಿಮ್ಮ ಮಾತ್ರೆಗಳಲ್ಲಿ ಹಠಮಾರಿ ಯಾವುದು ಅಂತ ಗುರುತಿಸಿ

ಎಲ್ಲ ಮಾತ್ರೆಗಳೂ ಒಂದೇ ಥರ ಅಲ್ಲ. ಕೆಲವು ರಕ್ತದಲ್ಲಿ ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ. ಕೆಲವು ಸ್ವಲ್ಪ ಹೆಚ್ಚಾದರೆ ವಿಷ, ಸ್ವಲ್ಪ ಕಡಿಮೆಯಾದರೆ ಉಪಯೋಗವಿಲ್ಲ. ಈ ಎರಡನೇ ಗುಂಪಿನದ್ದು ನಿಮ್ಮ ಹಾಳೆಯಲ್ಲಿದ್ದರೆ, ಹೊಸ ಮೂಲಿಕೆ ಯಾವುದನ್ನೂ ಕೇಳದೆ ಶುರು ಮಾಡಬಾರದು.

ಹೃದಯದ ಕವಾಟ ಬದಲಿಸಿದವರು, ಹೃದಯ ಬಡಿತ ಏರುಪೇರಾಗುವವರು ರಕ್ತ ಹೆಪ್ಪುಗಟ್ಟದಿರಲೆಂದು ತಗೊಳ್ಳುವ ವಾರ್ಫರಿನ್ ಮತ್ತು ಅಸಿನೊಕೌಮರಾಲ್ ಈ ಗುಂಪಿನಲ್ಲಿ ಮೊದಲು ಬರುತ್ತವೆ. ಇವರು ಆಗಾಗ ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ ಮಾಡಿಸುವುದೇ ಅದಕ್ಕೆ. ಹೃದಯದ ಮಾತ್ರೆ ಡಿಗಾಕ್ಸಿನ್ ಕೂಡ ಈ ಗುಂಪಿನದೇ. ಮೂರ್ಛೆ ರೋಗದ ಫಿನಿಟಾಯಿನ್ ಮತ್ತು ಕಾರ್ಬಮಜೆಪಿನ್. ಕಾರ್ಬಮಜೆಪಿನ್ ಅನ್ನು ಮುಖದ ನರದ ನೋವಿಗೂ ಕೊಡುತ್ತಾರೆ, ಹಾಗಾಗಿ "ನನಗೆ ಮೂರ್ಛೆ ಇಲ್ಲವಲ್ಲ" ಅಂತ ಈ ಸಾಲು ಬಿಟ್ಟು ಓದಬೇಡಿ. ಆಮವಾತಕ್ಕೆ, ಅಂದರೆ ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್. ಅದನ್ನು ವಾರಕ್ಕೆ ಒಂದೇ ದಿನ ತಗೊಳ್ಳುವುದು. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಥರದ ಸಕ್ಕರೆ ಮಾತ್ರೆಗಳು. ಥೈರಾಕ್ಸಿನ್. ಕಿಡ್ನಿ ಕಸಿ ಆದವರ ಔಷಧಗಳಂತೂ ಹೇಳುವುದೇ ಬೇಡ.

ಇಲ್ಲೇ ಒಂದು ಮಾತು. ಇದು ಮೂಲಿಕೆಯದ್ದಲ್ಲ, ಆದರೂ ಹೇಳದೆ ಬಿಡಲಾಗುವುದಿಲ್ಲ. ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ ತಗೊಳ್ಳುತ್ತಿರುವವರು ಮೇಲಿಂದ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ದಿನಾ ನುಂಗಿದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ ಬೀಳುತ್ತದೆ. ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದಾಗ ಇನ್ನೂ ಕಷ್ಟ. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆ ಇವರಿಗಲ್ಲ.

ಹಂತ 3: ಊಟದ ಅಳತೆ ಬೇರೆ, ಔಷಧದ ಅಳತೆ ಬೇರೆ

ಶಿರಸಿಯವರಿಗೆ ಕಾಳುಮೆಣಸಿನ ಬಗ್ಗೆ ಪಾಠ ಮಾಡುವ ಧೈರ್ಯ ನನಗಿಲ್ಲ. ಆದರೂ ಮೂಲಿಕೆ ಮತ್ತು ಮಾತ್ರೆ ಹೇಗೆ ಗುದ್ದಾಡುತ್ತವೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ನಾವು ನುಂಗಿದ ಔಷಧವನ್ನು ಕರುಳು ಮತ್ತು ಯಕೃತ್ತಿನ ಕಿಣ್ವಗಳು ಒಡೆದು ಹೊರಗೆ ಕಳಿಸುತ್ತವೆ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಈ ಕಿಣ್ವಗಳ ಕೆಲಸ ನಿಧಾನ ಮಾಡುತ್ತದೆ. ಆಗ ಔಷಧ ಒಡೆಯದೆ ರಕ್ತದಲ್ಲೇ ಉಳಿಯುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅರಿಶಿನದ ಸತ್ವವಾದ ಕರ್ಕ್ಯುಮಿನ್ 2 ಗ್ರಾಂ ಜೊತೆ ಬರೀ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು 20 ಪಟ್ಟು ಏರಿತು. ಅದಾದ ಮೇಲೆ ಅರಿಶಿನದ ಕ್ಯಾಪ್ಸೂಲ್ ಮಾಡುವ ಕಂಪನಿಗಳೆಲ್ಲ ಪೈಪರಿನ್ ಸೇರಿಸಲು ಶುರು ಮಾಡಿದವು. ಆದರೆ ಪೈಪರಿನ್‌ಗೆ ಅರಿಶಿನದ ಮೇಲೆ ಮಾತ್ರ ಪ್ರೀತಿ ಅಂತೇನಿಲ್ಲ. ಫಿನಿಟಾಯಿನ್, ಪ್ರೊಪ್ರನಲಾಲ್, ಥಿಯೊಫಿಲಿನ್ ಮಟ್ಟವನ್ನೂ ಅದು ಏರಿಸುತ್ತದೆ.

ಹಾಗಂತ ಸಾರಿಗೆ ಮೆಣಸು ಹಾಕಬಾರದೇ? ಹಾಕಿ. ಸಾಂಬಾರಿನ ಚಿಟಿಕೆ ಅರಿಶಿನ, ತಂಬುಳಿಯ ನಾಲ್ಕು ಕಾಳು ಮೆಣಸು, ಚಟ್ನಿಯ ಶುಂಠಿ, ಇವು ನಿಮ್ಮ ಅಜ್ಜಿಯ ಕಾಲದಿಂದ ಹೊಟ್ಟೆಗೆ ಹೋಗಿವೆ, ನಿಮ್ಮ ಡಾಕ್ಟರ್ ಡೋಸ್ ನಿಗದಿ ಮಾಡುವಾಗಲೂ ನೀವು ಅದನ್ನೇ ಉಣ್ಣುತ್ತಿದ್ದಿರಿ. ಎಚ್ಚರ ಬೇಕಾದದ್ದು ಮೂರು ಕಡೆ. ಒಂದು, ಸಾರ ತೆಗೆದು ಮಾಡಿದ ಕ್ಯಾಪ್ಸೂಲ್. ಎರಡು, ಚಮಚಗಟ್ಟಲೆ ಪುಡಿ ಮತ್ತು ಗಟ್ಟಿ ಕಷಾಯ. ಮೂರು, ಇದ್ದಕ್ಕಿದ್ದಂತೆ ಶುರು ಮಾಡುವುದು ಅಥವಾ ನಿಲ್ಲಿಸುವುದು.

ಉಪ್ಪಾಗೆಯೂ ಹೀಗೇ. ಉಪ್ಪಾಗೆ ಸಿಪ್ಪೆಯ ಹುಳಿ ನಮ್ಮ ಕಾಡಿನ ಮನೆಗಳಿಗೆ ಹೊಸದಲ್ಲ. ಆದರೆ ಅದೇ ಉಪ್ಪಾಗೆಯ ಸಾರ ಗಾರ್ಸಿನಿಯಾ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಬರುತ್ತದೆ. ತೂಕ ಇಳಿಸಿದರೆ ಮಂಡಿನೋವು ಕಡಿಮೆಯಾದೀತು ಅಂತ ಅದನ್ನು ನುಂಗಿದ ಕೆಲವರಿಗೆ ಯಕೃತ್ತು ಹಾಳಾದ ವರದಿಗಳಿವೆ. ಮಂಡಿಗಾಗಿ ತೂಕ ಇಳಿಸಬೇಕು ನಿಜ, ಆದರೆ ಆ ಮಾತ್ರೆಯಿಂದ ಬೇಡ.

ಹಂತ 4: ನಮ್ಮಲ್ಲಿ ಬಳಕೆಯಲ್ಲಿರುವ ಮೂಲಿಕೆಗಳನ್ನು ಹಾಳೆಯ ಜೊತೆ ಹೋಲಿಸಿ

ಅರಿಶಿನ, ಶುಂಠಿ, ಬೆಳ್ಳುಳ್ಳಿ ಮೂರೂ ಔಷಧದ ಅಳತೆಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯುತ್ತವೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತಗೊಳ್ಳುವವರಿಗೆ ಇದು ಮೇಲೆ ಮೇಲೆ ಕೂಡುತ್ತದೆ. ಡೈಕ್ಲೋಫೆನಾಕ್ ಜಾತಿಯ ಮಾತ್ರೆ ಹೊಟ್ಟೆಯ ಒಳಪದರಕ್ಕೆ ಹುಣ್ಣು ಮಾಡಬಹುದು, ಆ ಹುಣ್ಣಿನಿಂದ ರಕ್ತ ನಿಲ್ಲದೆ ಹೋಗುವುದಕ್ಕೆ ಇವು ದಾರಿ ಮಾಡಿಕೊಡುತ್ತವೆ. ಪೈಪರಿನ್ ಸೇರಿಸಿದ ಅರಿಶಿನ ಕ್ಯಾಪ್ಸೂಲ್‌ನಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ಅಮೆರಿಕದಲ್ಲಿ ದಾಖಲಾಗಿವೆ.

ಅಮೃತಬಳ್ಳಿ. ಕೋವಿಡ್ ಬಂದ ಮೇಲೆ ಇದನ್ನು ಕುಡಿಯದ ಮನೆ ಇರಲಿಲ್ಲ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಮುಂಬೈಯಲ್ಲಿ ಅಮೃತಬಳ್ಳಿ ತಗೊಂಡ ಆರು ಜನರಿಗೆ ಯಕೃತ್ತಿನ ಉರಿಯೂತ ಆಯಿತೆಂದು ವೈದ್ಯರು ಪ್ರಕಟಿಸಿದರು. ಅದು ನಿಜವಾದ ಅಮೃತಬಳ್ಳಿಯೇ ಹೌದೋ ಅಂತ ಆಯುಷ್ ಸಚಿವಾಲಯ ಪ್ರಶ್ನೆ ಎತ್ತಿತು. ಆ ಚರ್ಚೆ ಅವರಿಗೇ ಇರಲಿ. ನಮಗೆ ಬೇಕಾದದ್ದು ಇಷ್ಟು: ಈ ಬಳ್ಳಿ ದೇಹದ ರೋಗನಿರೋಧಕ ಶಕ್ತಿಯನ್ನು ಚುರುಕು ಮಾಡುತ್ತದೆ. ಆಮವಾತದಲ್ಲಿ ಅದೇ ಶಕ್ತಿ ತನ್ನ ಸಂದುಗಳ ಮೇಲೇ ತಿರುಗಿ ಬಿದ್ದಿರುತ್ತದೆ, ಮೆಥೊಟ್ರೆಕ್ಸೇಟ್ ಅದನ್ನು ತಗ್ಗಿಸಲು ಕೊಡುವುದು. ಒಂದು ಕಡೆ ತಗ್ಗಿಸುತ್ತಾ ಇನ್ನೊಂದು ಕಡೆ ಏರಿಸುವುದರಲ್ಲಿ ಅರ್ಥ ಇಲ್ಲ ಅಲ್ವಾ? ಮೆಥೊಟ್ರೆಕ್ಸೇಟ್ ಯಕೃತ್ತಿಗೆ ತಾನೇ ಭಾರ, ಅದೂ ನೆನಪಿರಲಿ.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ತೊಡಕು. ಅಮೃತಬಳ್ಳಿ, ಮೆಂತ್ಯ, ಹಾಗಲಕಾಯಿ ರಸ, ಅಶ್ವಗಂಧ ಎಲ್ಲವೂ ಸಕ್ಕರೆ ಇಳಿಸುತ್ತವೆ. ಒಳ್ಳೆಯದೇ ಅನಿಸುತ್ತದೆ. ಆದರೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆ ಸೇರಿದರೆ ಬೆವರು, ನಡುಕ, ತಲೆ ತಿರುಗಿ ಬೀಳುವಷ್ಟು ಇಳಿದೀತು. ಇವುಗಳಲ್ಲಿ ಒಂದನ್ನು ಹೊಸದಾಗಿ ಶುರು ಮಾಡಿದ ವಾರಗಳಲ್ಲಿ ಸಕ್ಕರೆ ಪರೀಕ್ಷೆ ಜಾಸ್ತಿ ಸಲ ಮಾಡಿ.

ಅಶ್ವಗಂಧ ನಿದ್ದೆ ತರಿಸುತ್ತದೆ. ನರದ ನೋವಿಗೆ ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಅಥವಾ ಟ್ರಮಡಾಲ್ ತಗೊಳ್ಳುವವರಿಗೆ ಮಂಪರು ಇನ್ನೂ ಹೆಚ್ಚುತ್ತದೆ. ರಾತ್ರಿ ಎದ್ದು ಹಿತ್ತಲ ಕಡೆ ಹೋಗುವಾಗ ಬಿದ್ದು ಸೊಂಟದ ಎಲುಬು ಮುರಿದುಕೊಂಡರೆ ಮಂಡಿನೋವು ಮರೆತೇ ಹೋಗುತ್ತದೆ. ಥೈರಾಯ್ಡ್ ಹಾರ್ಮೋನನ್ನೂ ಇದು ಏರಿಸಬಲ್ಲದು, ಥೈರಾಕ್ಸಿನ್ ತಗೊಳ್ಳುವವರು ಹೇಳದೆ ಶುರು ಮಾಡಬೇಡಿ.

ಗುಗ್ಗುಲು ಎದೆನೋವು, ಬಿಪಿಗೆ ಕೊಡುವ ಡಿಲ್ಟಿಯಾಜೆಮ್ ಮತ್ತು ಪ್ರೊಪ್ರನಲಾಲ್ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಇಲ್ಲಿ ಅಡ್ಡಪರಿಣಾಮ ಕಣ್ಣಿಗೆ ಕಾಣುವುದಿಲ್ಲ, ಮಾತ್ರೆ ಸುಮ್ನೆ ಕೆಲಸ ಮಾಡುವುದಿಲ್ಲ. ಬಿಪಿ ಯಾಕೆ ಏರಿತು ಅಂತ ಡೋಸ್ ಏರಿಸುತ್ತಾರೆ, ನೀವು ಗುಗ್ಗುಲು ನಿಲ್ಲಿಸಿದ ದಿನ ಆ ಡೋಸ್ ಜಾಸ್ತಿಯಾಗುತ್ತದೆ. ಶಲ್ಲಕಿ ಇವುಗಳಿಗಿಂತ ಸೌಮ್ಯ. ವಾರ್ಫರಿನ್ ಇಲ್ಲದವರಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಜ್ಯೇಷ್ಠಮಧು ದಿನಾ ಜಾಸ್ತಿ ಹೋದರೆ ಮೈಯಲ್ಲಿ ಉಪ್ಪು ನೀರು ನಿಲ್ಲಿಸಿ ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ. ಮೂತ್ರದ ಮಾತ್ರೆಯೂ ಪೊಟ್ಯಾಶಿಯಂ ಇಳಿಸುವಂಥದ್ದಾದರೆ, ಜೊತೆಗೆ ಡಿಗಾಕ್ಸಿನ್ ಇದ್ದರೆ, ಹೃದಯ ಬಡಿತ ಕೆಡುತ್ತದೆ. ಕಷಾಯದ ಪುಡಿಯಿಂದ ಅದೊಂದನ್ನು ಬಿಟ್ಟರೆ ರುಚಿಗೆ ನಷ್ಟ ಏನಿಲ್ಲ.

ಅರಿಷ್ಟ, ಆಸವಗಳನ್ನು ಮರೆಯಬೇಡಿ. ಬಲಾರಿಷ್ಟ, ದಶಮೂಲಾರಿಷ್ಟ, ಅಶ್ವಗಂಧಾರಿಷ್ಟ ಇವೆಲ್ಲ ಹುದುಗು ಬರಿಸಿ ಮಾಡಿದವು. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಶೇಕಡಾ 5ರಿಂದ 10ರಷ್ಟು ಇರುವುದು ಸಾಮಾನ್ಯ, ಬೆಲ್ಲವೂ ಇರುತ್ತದೆ. ಜನ್ಮದಲ್ಲಿ ಹೆಂಡ ಮುಟ್ಟದ ಅಮ್ಮಂದಿರು ದಿನಕ್ಕೆ ಎರಡು ಹೊತ್ತು ಇದನ್ನು ಕುಡಿದು ಪ್ರಿಗ್ಯಾಬಲಿನ್ ನುಂಗುತ್ತಾರೆ. ಮೆಥೊಟ್ರೆಕ್ಸೇಟ್ ಜೊತೆ, ಮೆಟ್ರೊನಿಡಜೋಲ್ ಜೊತೆ ಅರಿಷ್ಟ ಬೇಡ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲದ ಲೆಕ್ಕ ಬೇರೆ.

ಕೊನೆಗೆ ಕಾಸರಕ. ಕರಾವಳಿಯ ಕಾಡಿನಲ್ಲಿ ಬೇಕಾದಷ್ಟು ಸಿಗುವ ಮರ, ವಾತಕ್ಕೆ ಇದರ ಬೀಜ ಬಳಸುವುದು ಹಳೆಯ ಪದ್ಧತಿ. ಇದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ, ಅದು ಸೆಟೆತ ತರಿಸಿ ಕೊಲ್ಲುತ್ತದೆ. ಆಯುರ್ವೇದದಲ್ಲಿ ಇದನ್ನು ಶುದ್ಧಿ ಮಾಡಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಟ್ರಮಡಾಲ್ ಕೂಡ ಸೆಟೆತದ ಅಪಾಯ ಹೆಚ್ಚಿಸುವ ಮಾತ್ರೆ. ಮನೆಯಲ್ಲಿ ಹುರಿದು ಪುಡಿ ಮಾಡಿದ ಕಾಸರಕವನ್ನು ಯಾರೇ ಕೊಡಲಿ, ಎಷ್ಟೇ ಹೆಸರಿನವರಿರಲಿ, ತಗೊಳ್ಳಬೇಡಿ. ಇಷ್ಟೊಂದು ವಿಷಯ ಬರೆದರೂ ಖಡಾಖಂಡಿತವಾಗಿ ಬೇಡ ಅನ್ನುವುದು ಇದೊಂದಕ್ಕೆ, ಮತ್ತು ಮುಂದೆ ಬರುವ ಹೆಸರಿಲ್ಲದ ಪುಡಿಗೆ.

ಹಂತ 5: "ಒಂದು ತಾಸು ಬಿಟ್ಟು ತಗೊಂಡರೆ ಆಯ್ತು" ಅನ್ನುವುದನ್ನು ನಂಬಬೇಡಿ

ಎಲ್ಲರೂ ಹೇಳುವ ಮಾತು ಇದು. ಅರ್ಧ ನಿಜ. ಹೊಟ್ಟೆಯೊಳಗೆ ಒಂದಕ್ಕೊಂದು ಅಂಟಿಕೊಳ್ಳುವ ಜೋಡಿಗಳಿಗೆ ಅಂತರ ಸಹಾಯ ಮಾಡುತ್ತದೆ. ಇಸಬ್‌ಗೋಲ್ ಮತ್ತು ಮಾತ್ರೆಗಳ ನಡುವೆ ಎರಡು ತಾಸು ಬಿಡಿ. ಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರ, ಕಷಾಯ ಕಾಫಿ ಏನಿದ್ದರೂ ಅರ್ಧದಿಂದ ಒಂದು ತಾಸಿನ ನಂತರ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಶಂಖ ಭಸ್ಮ, ಮಂಡೂರ ಭಸ್ಮ ಇದ್ದರೆ ಥೈರಾಕ್ಸಿನ್‌ನಿಂದ ನಾಲ್ಕು ತಾಸು ದೂರ ಇಡಿ.

ಆದರೆ ಕಿಣ್ವದ ಮಟ್ಟದಲ್ಲಿ, ರಕ್ತದ ಮಟ್ಟದಲ್ಲಿ ಆಗುವ ಗುದ್ದಾಟಕ್ಕೆ ಗಡಿಯಾರ ಗೊತ್ತಿಲ್ಲ. ಬೆಳಿಗ್ಗೆ ಅರಿಶಿನ ಕ್ಯಾಪ್ಸೂಲ್, ರಾತ್ರಿ ವಾರ್ಫರಿನ್ ಅಂದರೂ ಎರಡೂ ರಕ್ತದಲ್ಲೇ ಸಿಗುತ್ತವೆ.

ಹಂತ 6: ಡಬ್ಬಿಯ ಲೇಬಲ್ ಓದಿ

ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದ ದಿನ, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ, ತಯಾರಕರ ವಿಳಾಸ. ಇಷ್ಟು ಇಲ್ಲದ ಡಬ್ಬಿ ಬೇಡ. ಪಟ್ಟಿಯಲ್ಲಿ ಭಸ್ಮ, ಸಿಂಧೂರ, ರಸ ಅನ್ನುವ ಹೆಸರುಗಳಿದ್ದರೆ ಅದು ಲೋಹ ಅಥವಾ ಖನಿಜ ಸೇರಿದ ಔಷಧವಾಗಿರಬಹುದು. ಯೋಗರಾಜ ಗುಗ್ಗುಲು ಮತ್ತು ಮಹಾಯೋಗರಾಜ ಗುಗ್ಗುಲು ಹೆಸರು ಅಕ್ಕಪಕ್ಕದಲ್ಲಿದ್ದರೂ ಎರಡನೆಯದರಲ್ಲಿ ಸೀಸ, ತವರ ಸೇರಿದಂತೆ ಹಲವು ಲೋಹಗಳ ಭಸ್ಮ ಇರುತ್ತದೆ. ಕಿಡ್ನಿ ದುರ್ಬಲ ಇರುವವರು, ದಿನಾ ನೋವಿನ ಮಾತ್ರೆ ನುಂಗುವವರು ಇಂಥವನ್ನು ತಾವೇ ತಂದು ತಿನ್ನಬಾರದು. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನ ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅದರಲ್ಲಿ ಅಮೆರಿಕದಲ್ಲೇ ತಯಾರಾದವೂ ಇದ್ದವು.

ಹಂತ 7: ಹೆಸರಿಲ್ಲದ ಪುಡಿ ಬಂದರೆ

ಈ ಭಾಗವನ್ನು ನಿಧಾನ ಓದಿ. "ಒಂದೇ ದಿನದಲ್ಲಿ ಎದ್ದು ಓಡಾಡಿದರು" ಅಂತ ಹೇಳಿ ಕೊಡುವ, ಕಾಗದದ ಪೊಟ್ಟಣದಲ್ಲೋ ಪ್ಲಾಸ್ಟಿಕ್ ಡಬ್ಬಿಯಲ್ಲೋ ಬರುವ ಪುಡಿ, ಗುಳಿಗೆ. ಮೂಲಿಕೆಗೆ ಇಷ್ಟು ಬೇಗ ಕೆಲಸ ಮಾಡುವ ಅಭ್ಯಾಸ ಇಲ್ಲ. ವಾರ, ತಿಂಗಳು ಬೇಕು. ಒಂದೆರಡು ದಿನದಲ್ಲಿ ನೋವು ಮಾಯವಾದರೆ, ಹಸಿವು ಜಾಸ್ತಿಯಾದರೆ, ಅದರೊಳಗೆ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್, ಇಲ್ಲವೇ ಡೈಕ್ಲೋಫೆನಾಕ್ ಬೆರೆಸಿರುವ ಸಾಧ್ಯತೆ ತುಂಬಾ. ದೇಶದ ಹಲವು ಕಡೆ ಸಂದುನೋವಿನ ಪುಡಿಗಳಲ್ಲಿ ಹೀಗೆ ಸಿಕ್ಕಿದೆ. ನಿಮ್ಮ ಡಾಕ್ಟರ್ ಕೊಟ್ಟದ್ದೂ ಡೈಕ್ಲೋಫೆನಾಕ್, ಪುಡಿಯಲ್ಲಿರುವುದೂ ಅದೇ ಅಂದರೆ ಹೊಟ್ಟೆಗೂ ಕಿಡ್ನಿಗೂ ಎರಡು ಪಟ್ಟು.

ತಿಂಗಳುಗಟ್ಟಲೆ ತಿಂದವರ ಮುಖ ದುಂಡಗಾಗುತ್ತದೆ, ಹೊಟ್ಟೆ ದಪ್ಪವಾಗುತ್ತದೆ, ಕೈಕಾಲು ಸಣ್ಣಗಾಗುತ್ತವೆ, ಚರ್ಮ ತೆಳುವಾಗಿ ಮುಟ್ಟಿದರೆ ನೀಲಿಗಟ್ಟುತ್ತದೆ, ಇಲ್ಲದ ಸಕ್ಕರೆ ಕಾಯಿಲೆ ಬರುತ್ತದೆ. "ಪುಡಿ ತಗೊಂಡ ಮೇಲೆ ಮೈ ಕೈ ತುಂಬಿಕೊಂಡರು" ಅಂತ ಊರವರು ಹೊಗಳುವುದೂ ಉಂಟು.

ಇಲ್ಲಿ ಒಂದು ಮುಖ್ಯ ಸಂಗತಿ. ತುಂಬಾ ದಿನದಿಂದ ತಿನ್ನುತ್ತಿದ್ದರೆ, ಅನುಮಾನ ಬಂತೆಂದು ಆ ಪುಡಿಯನ್ನು ಆ ದಿನವೇ ನಿಲ್ಲಿಸಬೇಡಿ. ಸ್ಟೆರಾಯ್ಡ್ ಹೊರಗಿನಿಂದ ಬರುತ್ತಿದ್ದಾಗ ದೇಹ ತನ್ನದನ್ನು ಮಾಡುವುದು ನಿಲ್ಲಿಸಿರುತ್ತದೆ. ಒಮ್ಮೆಗೇ ಬಿಟ್ಟರೆ ಬಿಪಿ ಕುಸಿದು, ವಾಂತಿ, ನಿತ್ರಾಣ ಆಗಿ ಪ್ರಾಣಕ್ಕೇ ಬರಬಹುದು. ಪುಡಿ ಹಿಡಿದುಕೊಂಡು ಒಂದೆರಡು ದಿನದಲ್ಲೇ ಡಾಕ್ಟರ ಹತ್ತಿರ ಹೋಗಿ, ಎಷ್ಟು ಕಾಲದಿಂದ ಅಂತ ಹೇಳಿ. ಅವರು ಗೊತ್ತಿರುವ ಸ್ಟೆರಾಯ್ಡ್‌ಗೆ ಬದಲಿಸಿ ನಿಧಾನವಾಗಿ ಇಳಿಸುತ್ತಾರೆ.

ಗಾಂವಠಿ (ಹಳ್ಳಿಯ ನಾಟಿ) ಔಷಧ ಕೊಡುವವರೆಲ್ಲ ಹೀಗೆ ಅಂತ ಅಲ್ಲ. ಗಿಡ ತೋರಿಸಿ, ಕಿತ್ತು, ಎದುರಿಗೇ ಅರೆದು ಕೊಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಏನು ಹಾಕಿದ್ದೀರಿ ಅಂತ ಕೇಳಿದಾಗ ಹೆಸರು ಹೇಳುವವರು, ಮತ್ತು "ಅದು ಗುಟ್ಟು" ಅನ್ನುವವರು. ಎರಡನೆಯವರಿಂದ ಹೊಟ್ಟೆಗೆ ತಗೊಳ್ಳುವ ಔಷಧ ಬೇಡ.

ಹಂತ 8: ಸಾಧ್ಯವಾದರೆ ಹೊರಗಿನಿಂದ ಶುರು ಮಾಡಿ

ಮಾತ್ರೆಯ ಜೊತೆ ಮೂಲಿಕೆ ಬೇಕೇ ಬೇಕು ಅನ್ನುವವರಿಗೆ ನನ್ನ ಸಲಹೆ ಇದು. ಲಕ್ಕಿ ಸೊಪ್ಪು ಕುದಿಸಿದ ನೀರಿನ ಸ್ನಾನ, ಲಕ್ಕಿ ಎಲೆಯ ಶಾಖ, ಎಣ್ಣೆ ನೀವುವುದು. ರಕ್ತಕ್ಕೆ ಸೇರುವುದು ಕಡಿಮೆ, ಗುದ್ದಾಟವೂ ಕಡಿಮೆ. ಮಳೆಗಾಲದಲ್ಲಿ ಬಿಸಿನೀರೊಲೆಯ ಪಕ್ಕ ಕೂತು ಎಣ್ಣೆ ತಿಕ್ಕಿಸಿಕೊಳ್ಳುವ ಸುಖಕ್ಕೆ ಯಾವ ಡಾಕ್ಟರೂ ಬೇಡ ಅನ್ನುವುದಿಲ್ಲ.

ಆದರೂ ಮೂರು ವಿನಾಯಿತಿ. ಘಾಟು ವಾಸನೆಯ ಬಾಮ್, ನೋವಿನ ಎಣ್ಣೆಗಳಲ್ಲಿ ಮಿಥೈಲ್ ಸ್ಯಾಲಿಸಿಲೇಟ್ ಇರುತ್ತದೆ, ಅದು ಆಸ್ಪಿರಿನ್‌ನ ಸಂಬಂಧಿ. ವಾರ್ಫರಿನ್ ತಗೊಳ್ಳುವವರು ದಿನಾ ಅಗಲವಾಗಿ ಹಚ್ಚಿದರೆ ಐಎನ್‌ಆರ್ ಏರುತ್ತದೆ. ಎರಡನೆಯದು, ಚಿತ್ರಮೂಲದ ಬೇರು, ಗೇರಿನ ಸಿಪ್ಪೆಯ ಎಣ್ಣೆ ಚರ್ಮ ಸುಟ್ಟು ಬೊಬ್ಬೆ ಎಬ್ಬಿಸುತ್ತವೆ. ಮೂರನೆಯದು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಉಪ್ಪಿನ ಶಾಖ, ಇಟ್ಟಿಗೆ ಶಾಖ ಬೇಡವೇ ಬೇಡ. ಸುಟ್ಟದ್ದೇ ಗೊತ್ತಾಗುವುದಿಲ್ಲ. ಸ್ನಾನದ ನೀರಿನ ಬಿಸಿಯನ್ನೂ ಬೇರೆಯವರ ಮೊಣಕೈಯಲ್ಲಿ ನೋಡಿಸಿ.

ಹಂತ 9: ಒಮ್ಮೆಗೆ ಒಂದೇ ಬದಲಾವಣೆ, ಮತ್ತು ಬರೆದಿಡುವುದು

ಡಾಕ್ಟರ್ ಒಪ್ಪಿದರು ಅಂತಿಟ್ಟುಕೊಳ್ಳಿ. ಹೊಸ ಮೂಲಿಕೆ ಒಂದೇ ಒಂದು ಶುರು ಮಾಡಿ. ಅದೇ ವಾರ ಎಣ್ಣೆ ಬದಲಿಸುವುದು, ಮಾತ್ರೆ ಬದಲಿಸುವುದು ಬೇಡ. ಗೋಡೆಯ ಕ್ಯಾಲೆಂಡರ್‌ನಲ್ಲೇ ದಿನಾ ರಾತ್ರಿ ನೋವಿಗೆ 0ಯಿಂದ 10ರೊಳಗೆ ಒಂದು ಅಂಕ ಹಾಕಿ. ಪಕ್ಕದಲ್ಲಿ ಎರಡು ಮಾತು: ನಿದ್ದೆ ಬಂತೇ, ಮೆಟ್ಟಿಲು ಹತ್ತಿದೆನೇ. ಆರೆಂಟು ವಾರ ಕಳೆದರೂ ಅಂಕ ಇಳಿಯದಿದ್ದರೆ ಆ ಮೂಲಿಕೆ ನಿಮಗಲ್ಲ. ದುಡ್ಡು ಉಳಿಸಿ.

ಶುರು ಮಾಡುವ ಮೊದಲು ಮತ್ತು ನಂತರ ಕೆಲವು ವಾರಕ್ಕೆ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಬೇಕೇ ಅಂತ ಡಾಕ್ಟರನ್ನು ಕೇಳಿ. ಶಿರಸಿಯ ಪಂಡಿತ ಆಸ್ಪತ್ರೆ, ಕಾರವಾರದ ಜಿಲ್ಲಾ ಆಸ್ಪತ್ರೆಯಂಥ ಸರಕಾರಿ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು, ಇದಕ್ಕಾಗಿ ದೂರ ಹೋಗಬೇಕಿಲ್ಲ.

"ಕಷಾಯ ಅಂದರೆ ಡಾಕ್ಟರ್ ಬೈಯುತ್ತಾರೆ" ಅಂತ ಹೆದರುವವರಿಗೆ ಒಂದು ಉಪಾಯ. ಅನುಮತಿ ಕೇಳುವ ಧಾಟಿ ಬಿಡಿ. ಹಾಳೆಯನ್ನು ಮೇಜಿನ ಮೇಲಿಟ್ಟು "ನಾನು ಇಷ್ಟು ತಗೊಳ್ಳುತ್ತಿದ್ದೇನೆ, ಇದರಲ್ಲಿ ನಿಮ್ಮ ಮಾತ್ರೆಗೆ ಅಡ್ಡ ಬರುವುದು ಯಾವುದು?" ಅಂತ ಕೇಳಿ. ಅದೇ ಹಾಳೆ ಆಯುರ್ವೇದ ವೈದ್ಯರ ಮೇಜಿಗೂ ಹೋಗಲಿ. ಸಿಕ್ಕಾಪಟ್ಟೆ ರೋಗಿಗಳಿರುವ ಕಡೆ ಮಾತಿಗೆ ಸಿಗುವ ಸಮಯ ಕಡಿಮೆ, ಹಾಳೆ ಬೇಗ ಓದಿ ಮುಗಿಯುತ್ತದೆ.

ನೋವು ಇಳಿಯಿತು ಅಂತ ಮಾತ್ರೆ ನೀವೇ ಬಿಡುವುದೂ ಬೇಡ. ಪ್ರೆಡ್ನಿಸೊಲೋನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್, ದಿನಾ ತಗೊಳ್ಳುತ್ತಿದ್ದ ಟ್ರಮಡಾಲ್ ಇವನ್ನು ಹಂತ ಹಂತವಾಗಿ ಇಳಿಸಬೇಕು. ಮೆಥೊಟ್ರೆಕ್ಸೇಟ್ ಬಿಟ್ಟರೆ ನೋವು ಕೂಡಲೇ ಬರುವುದಿಲ್ಲ, ಆದರೆ ಸಂದು ಒಳಗೊಳಗೇ ಸವೆಯುತ್ತದೆ. ಮಂಡಿ ಬದಲಾವಣೆಯಂಥ ಆಪರೇಷನ್ ಗೊತ್ತಾಗಿದ್ದರೆ, ಅರಿಶಿನ, ಬೆಳ್ಳುಳ್ಳಿ, ಶುಂಠಿ, ಅಶ್ವಗಂಧದ ಕ್ಯಾಪ್ಸೂಲ್‌ಗಳನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅರಿವಳಿಕೆ ಕೊಡುವ ವೈದ್ಯರಿಗೆ ಹಾಳೆ ತೋರಿಸಿ.

ಹಂತ 10: ಜ್ವರ ಬಂದ ದಿನ ನಿಯಮ ಬೇರೆ

ಇದು ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಸಿದ್ದಾಪುರದ ಕಡೆಯವರಿಗೆ ಅದು ಹೊಸ ಹೆಸರಲ್ಲ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಅಡಿಕೆ ಕೆಲಸ, ದರಕು (ಒಣ ಎಲೆ) ತರುವ ಕೆಲಸ ಇರುವಾಗಲೇ ಅದರ ಕಾಟ. ಮೊದಲ ಲಕ್ಷಣ ಜ್ವರ, ತಲೆನೋವು, ವಿಪರೀತ ಮೈಕೈ ನೋವು. ಹಳೆಯ ನೋವಿನವರು ಇದನ್ನು "ಕೆಲಸ ಜಾಸ್ತಿ ಆಯ್ತು" ಅಂತ ಭಾವಿಸಿ ಇನ್ನೊಂದು ಡೈಕ್ಲೋಫೆನಾಕ್ ನುಂಗುತ್ತಾರೆ. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಅಪಾಯ ಇರುವುದರಿಂದ ಆ ಜಾತಿಯ ಮಾತ್ರೆ ಬೇಡ. ಮಳೆಗಾಲದ ಇಲಿಜ್ವರ ಕಿಡ್ನಿ, ಯಕೃತ್ತಿಗೇ ಬೀಳುತ್ತದೆ.

ಜ್ವರ ಬಂದ ದಿನ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಅರಿಶಿನ ಶುಂಠಿ ಬೆಳ್ಳುಳ್ಳಿಯ ಕ್ಯಾಪ್ಸೂಲ್, ಅರಿಷ್ಟ ಎಲ್ಲ ಬದಿಗಿಡಿ. ನೋವಿಗೆ, ಜ್ವರಕ್ಕೆ ಅಳತೆಯಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದರೆ, ಉಣುಗು (ಉಣ್ಣೆ) ಕಚ್ಚಿದ್ದರೆ ಅದನ್ನೂ ಹೇಳಿ. ಹೃದಯಕ್ಕೆ ಅಂತ ಕೊಟ್ಟ ಆಸ್ಪಿರಿನ್, ವಾರ್ಫರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ, ಅದನ್ನು ಡಾಕ್ಟರೇ ತೀರ್ಮಾನಿಸಲಿ.

ಜ್ವರ ಇಲ್ಲದಿದ್ದರೂ ಕಾಯಬಾರದ ಲಕ್ಷಣಗಳಿವೆ. ಡಾಂಬರಿನಂಥ ಕಪ್ಪು ಮಲ, ರಕ್ತ ವಾಂತಿ, ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಅಥವಾ ತೀರಾ ಕಡಿಮೆಯಾಗುವುದು, ಮುಖ ಕಾಲು ಊದುವುದು, ಎಬ್ಬಿಸಿದರೂ ಏಳದ ಮಂಪರು, ಸೆಟೆತ. 108ಕ್ಕೆ ಫೋನ್ ಮಾಡಿ, ಹಾಳೆ ಮತ್ತು ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೊರಡಿ.

ಹಂತ 11: ತೊಂದರೆಯಾದರೆ ತಿಳಿಸಿ

ಔಷಧದಿಂದ ಆದ ಅಡ್ಡಪರಿಣಾಮವನ್ನು ಸರಕಾರಕ್ಕೆ ತಿಳಿಸಲು ಉಚಿತ ಸಂಖ್ಯೆ ಇದೆ: 1800-180-3024. ಡಾಕ್ಟರೇ ಆಗಬೇಕೆಂದಿಲ್ಲ, ರೋಗಿಯ ಮನೆಯವರೂ ಹೇಳಬಹುದು. ಮೂಲಿಕೆಯ ಜೊತೆ ಯಾವ ಮಾತ್ರೆ ಇತ್ತು ಅನ್ನುವುದನ್ನು ಸೇರಿಸಿ ಹೇಳಿ. ಉಳಿದ ಪುಡಿ, ಗುಳಿಗೆಗಳನ್ನು ಸಿಟ್ಟಿನಲ್ಲಿ ಹಳ್ಳಕ್ಕೆ ಎಸೆಯಬೇಡಿ. ಪೊಟ್ಟಣದ ಸಮೇತ ಒಣಗಿದ ಡಬ್ಬಿಯಲ್ಲಿ ಮುಚ್ಚಿ, ಕೊಂಡ ದಿನ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅದರೊಳಗೆ ಏನಿತ್ತು ಅಂತ ಪರೀಕ್ಷೆ ಮಾಡಬೇಕಾದರೆ ಆ ಪುಡಿಯೇ ಬೇಕು.